ಎಲ್ಲಿ ಹಿಡಿಯುತ್ತೆ?

ನಮ್ಮ ನಿರ್ದೇಶಕಿಗೆ ‘ಗುಂಡುಸೂಜಿ’ ಎಂದು ಅಡ್ಡಹೆಸರಿಟ್ಟವನು ನಾನೇ. ಇಪ್ಪತ್ತಾರರ ಸಣಕಲಿ, ಕಾಲರಿಗೆ ಸದಾ ನಾಲ್ಕು ಗುಂಡುಸೂಜಿ ಚುಚ್ಚಿಕೊಂಡಿರುತ್ತಿದ್ದಳು. ತಾಯಿ ಟೈಲರು. ಒಂದೇ ಕೋಣೆಯ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಬೆಳೆದ ಮಗು ಅದು. ತಾಯಿ ಗಿರಾಕಿಯ ಮುಂದೆ ಮಂಡಿಯೂರಿ, ಸೂಜಿ ಕಚ್ಚಿಕೊಂಡೇ “ಎಲ್ಲಿ ಹಿಡಿಯುತ್ತೆ ಹೇಳಿ” ಎನ್ನುವುದು ದಿನವೂ ಅವಳ ಕಿವಿಗೆ ಬೀಳುತ್ತಿತ್ತು.

ತಾಲೀಮಿನಲ್ಲೂ ಅವಳದು ಅದೇ ಪ್ರಶ್ನೆ. ಹೀಗೆ ನಿಲ್ಲು, ಹಾಗೆ ಅಳು ಎಂದವಳೇ ಅಲ್ಲ. ನಾನು ಅಂಚೆ ಕಚೇರಿಯ ಗುಮಾಸ್ತ, ನಾಟಕದಲ್ಲಿ ತಂದೆ. ಮಗಳ ಕ್ಷಮೆ ಕೇಳುವ ದೃಶ್ಯದಲ್ಲಿ ನನ್ನ ನಾಲಿಗೆ ಏಳುತ್ತಲೇ ಇರಲಿಲ್ಲ.

“ಎಲ್ಲಿ ಹಿಡಿಯುತ್ತೆ ಮಾಮ?”

“‘ಕ್ಷಮಿಸು’ ಅನ್ನೋದೇ ಹಿಡಿಯುತ್ತೆ ಕಣಮ್ಮ. ನಮ್ಮಪ್ಪ ಜನ್ಮದಲ್ಲಿ ಆ ಮಾತು ಆಡಿದವರಲ್ಲ.”

“ಮತ್ತೇನ್ ಮಾಡೋರು?”

“ಬೈದ ಮಾರನೇ ದಿನ ನನ್ನ ಕಿತ್ತುಹೋದ ಚಪ್ಪಲಿ ಹೊಲಿಸ್ಕೊಂಡು ಬಂದು, ಬಾಗಿಲ ಹತ್ರ ಇಡೋರು.”

“ಹಾಗಾದ್ರೆ ಆ ಮಾತು ಬಿಚ್ಚಿಹಾಕೋಣ. ಚಪ್ಪಲಿ ಇಡಿ, ಸಾಕು.”

ಆ ದೃಶ್ಯಕ್ಕೆ ಜನ ಬಿಕ್ಕಿಬಿಕ್ಕಿ ಅತ್ತರು. ಪೋಸ್ಟರಿನಲ್ಲಿ ‘ನಿರ್ದೇಶನ’ ಎಂಬಲ್ಲಿ ಅವಳು ‘ನಾವೆಲ್ಲರೂ’ ಎಂದು ಅಚ್ಚು ಹಾಕಿಸಿದಳು. ಅಲ್ಲೇ ಎಡವಿದಳು.

ದೊಡ್ಡ ರಂಗಮಂದಿರದವರು ನಾಟಕ ಮೆಚ್ಚಿ ಪತ್ರ ಬರೆದರು: ಇದನ್ನು ನಿರ್ದೇಶಿಸಿದವರಿಗೆ ನಮ್ಮಲ್ಲಿ ಖಾಯಂ ಕೆಲಸವಿದೆ, ಒಂದು ಹೆಸರು ತಿಳಿಸಿ. ಅವಳು ಆಸೆಪಟ್ಟಿದ್ದೇ ಆ ಕೆಲಸಕ್ಕೆ. ಆದರೂ ಪೆದ್ದಿ, ಆ ಪತ್ರವನ್ನೂ ನಮ್ಮ ಏಳು ಜನರ ನಡುವೆ ತಂದಿಟ್ಟು, “ಎಲ್ರೂ ಸೇರಿ ಹೇಳಿ” ಎಂದಳು.

ಮೊದಲು ಬಾಯಿ ತೆರೆದದ್ದು ಹಿರಿಯ ನಟ ಗುಡುಗಣ್ಣ. ಗಂಟಲೊಂದು ಬಿಟ್ಟರೆ ಆ ಮನುಷ್ಯನಲ್ಲಿ ಏನೂ ಇಲ್ಲ.

“ಮಾಡಿದ್ದೆಲ್ಲ ನಾವೇ ಅಲ್ವೇನಮ್ಮ? ನೀನು ಬರೀ ಪ್ರಶ್ನೆ ಕೇಳ್ತಿದ್ದೆ. ಅನುಭವಸ್ಥ ನಾನಿದ್ದೀನಿ, ನನ್ನ ಹೆಸರೇ ಇರ್ಲಿ.”

ಪತ್ರದ ಸುದ್ದಿ ಹಿಡಿದು ಹಿಂದಿನ ದಿನವೇ ಅವನು ಮನೆಮನೆಗೆ ಬಂದು, ಮುಂದಿನ ನಾಟಕಗಳ ಪಾತ್ರಗಳನ್ನು ಹಂಚಿಹೋಗಿದ್ದ. ನನಗೆ ಮುಖ್ಯ ಪಾತ್ರವೆಂದು ಆಣೆ ಮಾಡಿದ್ದ.

ಅವಳು ನನ್ನತ್ತ ತಿರುಗಿದಳು. “ಮಾಮ, ನೀವಾದ್ರೂ ಹೇಳಿ.”

ನಾನು ನೆಲ ನೋಡುತ್ತಲೇ ಗುಡುಗಣ್ಣನ ಪರ ಕೈ ಎತ್ತಿದೆ. ನನ್ನದನ್ನೂ ಸೇರಿಸಿ ಏಳು ಕೈ. ಇಂಥ ನಾಚಿಕೆಗೆಟ್ಟ ಒಗ್ಗಟ್ಟನ್ನು ನಾವು ರಂಗದ ಮೇಲೂ ತೋರಿಸಿದವರಲ್ಲ. ಅವಳು ಕಾಲರಿನ ಸೂಜಿಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿಕೊಂಡು ಹೋದಳು.

ಗುಡುಗಣ್ಣನ ಹೊಸ ನಾಟಕಕ್ಕೆ ಉಡುಪು ಹೊಲಿಯುವ ಕೆಲಸ ಅವಳ ತಾಯಿಗೇ ಹೋಯಿತು. ನಾಟಕದ ಬಟ್ಟೆ ಬಲ್ಲ ಬೇರೆ ಕೈ ಊರಲ್ಲಿರಲಿಲ್ಲ. ಕೋಟಿನ ಅಳತೆ ನೋಡಲು ಹೋದೆ. ಮೂಲೆಯಲ್ಲಿ ಮಗಳು ನನಗೆ ಬೆನ್ನು ಹಾಕಿ ಮಿಷನ್ ತುಳಿಯುತ್ತಿದ್ದಳು.

ತಾಯಿ ಮಂಡಿಯೂರಿದರು. “ಎಲ್ಲಿ ಹಿಡಿಯುತ್ತೆ ಹೇಳಿ ಅಣ್ಣ.”

ಮಿಷನ್ ನಿಂತಿತು.

“ಎಲ್ಲೂ ಇಲ್ಲಮ್ಮ” ಎಂದೆ. ಕೋಟು ಕಂಕುಳಲ್ಲಿ ಕೈ ಎತ್ತಲಾಗದಷ್ಟು ಹಿಡಿದಿತ್ತು.

ಹೊರಟಾಗ ಬಾಗಿಲ ಬಳಿ ಅವಳ ಚಪ್ಪಲಿ ಕಂಡಿತು. ಉಂಗುಷ್ಠ ಕಿತ್ತುಹೋಗಿತ್ತು. ದಾಟಿಕೊಂಡು ಬಂದೆ.