ಶುಕ್ರವಾರದ ನೆಲ

ನೆಲ ಒರೆಸುವುದು ಎಂದರೆ ನನಗೆ ಆಗುವುದೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಕೊಳೆಯನ್ನು ಈ ಮೂಲೆಯಿಂದ ಆ ಮೂಲೆಗೆ ದಾಟಿಸುವುದೂ ಒಂದು ಶುಚಿಯೇ? ಮಂಗಳೂರು ಕಡೆಯ ನನಗೆ ಬಕೆಟ್ ನೀರು ಸುರಿಯಬೇಕು, ಹಿಡಿಸೂಡಿಯಲ್ಲಿ ಉಜ್ಜಬೇಕು. ಸೌದಿಯ ಅಲ್ ಖಫ್ಜಿಯ ಕಂಪೆನಿ ಕ್ಯಾಂಪಿನಲ್ಲೂ ಪ್ರತಿ ಶುಕ್ರವಾರ ಬೆಳಿಗ್ಗೆ ಪದ ಹಾಡಿಕೊಂಡು ಹಾಗೆಯೇ ತೊಳೆದೆ. ಆದರೆ ಅಲ್ಲಿ ನಮ್ಮ ಮನೆ ಪೋರ್ಟಾ ಕ್ಯಾಬಿನ್. ಸಿಮೆಂಟ್ ಕಲ್ಲುಗಳ ಮೇಲೆ ಮರದ ತೊಲೆ, ಅದರ ಮೇಲೆ ಪ್ಲೈವುಡ್, ಮೇಲೊಂದು ಪ್ಲಾಸ್ಟಿಕ್ ಹಾಸು. ಕೆಳಗೆ ಮನುಷ್ಯ ತೆವಳುವಷ್ಟು ಜಾಗ.

ಒಂದು ದಿನ ಒಲೆಯ ಮುಂದೆ ನೆಲ ಮೆತ್ತಗೆ ಕುಸಿಯಿತು. ನನ್ನ ಗಂಡ ಅದೇ ಕ್ಯಾಂಪಿನ ಬಡಗಿ. ಕೆಳಗೆ ನುಗ್ಗಿ ತೊಲೆಗೆ ಸ್ಕ್ರೂಡ್ರೈವರ್ ಚುಚ್ಚಿದರೆ, ಹಣ್ಣಾದ ಹಲಸಿಗೆ ಇಳಿದಂತೆ ಇಳಿಯಿತಂತೆ. ಸೂಪರ್‌ವೈಸರ್ ಬಂದು ನೋಡಿ, ತಿಂಗಳೊಳಗೆ ಸರಿಯಾಗದಿದ್ದರೆ ಕ್ಯಾಬಿನ್ ಗುಜರಿಗೆ ಎಂದ. ಬೇರೆ ಫ್ಯಾಮಿಲಿ ಕ್ಯಾಬಿನ್ ಇರಲಿಲ್ಲ. ಕ್ಯಾಬಿನ್ ಹೋದರೆ ಇವರು ಬ್ಯಾಚುಲರ್ ರೂಮಿಗೆ, ನಾನೂ ಮಗಳೂ ಊರಿಗೆ. ಮದುವೆಯಾಗಿ ಆರು ವರ್ಷ ನಮ್ಮ ಸಂಸಾರ ನಡೆದದ್ದೇ ಫೋನಿನಲ್ಲಿ, ಆಮೇಲೆ ವಾಟ್ಸಾಪಿನಲ್ಲಿ. ಮತ್ತೆ ಅದು ನನ್ನಿಂದ ಆಗುತ್ತಿರಲಿಲ್ಲ.

"ಎಸಿ ನೀರು ಮಾರಾಯ್ತಿ," ಎಂದರು ಇವರು. ಅದರ ಪೈಪನ್ನು ದೂರಕ್ಕೆ ತಿರುಗಿಸಿದರು. ಮರಳು ನುಗ್ಗದಂತೆ ಸುತ್ತ ಬಡಿದಿದ್ದ ತಗಡು ಕಿತ್ತು ಗಾಳಿಯಾಡಲು ಬಿಟ್ಟರು. ಕೊಳೆತದ್ದನ್ನು ಕೊಯ್ದು ತೆಗೆದು, ಹೊಸ ಮರ ಕೂಡಿಸಿ, ಮರ ಕೆಡದಂತೆ ಔಷಧಿ ಬಳಿದರು. ಆಮೇಲೂ ಪ್ರತಿ ಶುಕ್ರವಾರ ಊಟವಾದದ್ದೇ ಕೆಳಗೆ ತೆವಳುತ್ತಿದ್ದರು. "ಮರದ ಮೇಲಿರುವ ಪ್ರೀತಿ ಹೆಂಡತಿ ಮೇಲಿಲ್ಲ," ಎಂದು ಕಿಚಾಯಿಸುತ್ತಿದ್ದೆ. ಎಸಿಗಂತೂ ನನ್ನದು ಬಾಯ್ತುಂಬ ಬೈಗುಳ.

ಸೂಪರ್‌ವೈಸರ್ ಮತ್ತೆ ಬರುವ ಹಿಂದಿನ ಶುಕ್ರವಾರ ಎರಡು ಬಕೆಟ್ ಹೆಚ್ಚೇ ಸುರಿದು ತೊಳೆದೆ. ಇವರು ಜುಮಾ ನಮಾಜಿಗೆ ಹೋಗಿದ್ದಾಗ ಮಗಳ ಚೆಂಡು ಕ್ಯಾಬಿನ್ನಿನಡಿಗೆ ಉರುಳಿತು. ನಾನೇ ತೆವಳಿ ಹೋದೆ. ಕುತ್ತಿಗೆಗೆ ಟಪ್ಪೆಂದು ಹನಿ ಬಿತ್ತು. ಫಿನಾಯಿಲ್ ವಾಸನೆ! ತಲೆಯೆತ್ತಿ ನೋಡುತ್ತೇನೆ, ಪ್ಲೈವುಡ್ಡಿನ ಸಂದು ಸಂದಿಗೂ ಇಳಿಜಾರಾಗಿ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಕತ್ತರಿಸಿಟ್ಟ ತುಪ್ಪದ ಡಬ್ಬ. ಎಲ್ಲದರಲ್ಲೂ ನಾನು ಸುರಿದ ನೀರು.

ಮಸೀದಿಯಿಂದ ಬಂದವರ ಮುಂದೆ ಒಂದು ಡಬ್ಬ ಕುಕ್ಕಿದೆ. "ಎಂತ ಇದು? ಎಸಿ ನೀರಲ್ಲ, ನನ್ನ ನೀರು ಅಂತ ಗೊತ್ತಿದ್ದೂ ಹೇಳ್ಲಿಲ್ಲ ಅಲ್ವಾ ನೀವು?"

ಅವರು ನಿಧಾನ ಚಪ್ಪಲಿ ಕಳಚಿದರು. "ಇಲ್ಲಿಗೆ ಬಂದ ಮೇಲೆ ನೀನು ಪದ ಹೇಳುದು ನೆಲ ತೊಳಿವಾಗ ಮಾತ್ರ ಮಾರಾಯ್ತಿ. ಹೇಳಿದ್ರೆ ಅದೂ ನಿಲ್ತದೆ ಅಂತ..."

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹಳೆಯ ಟವೆಲ್ ಹಿಂಡಿ, ಜೀವಮಾನದಲ್ಲಿ ಮೊದಲ ಸಲ ನೆಲ ಒರೆಸಿದೆ.

ಭಾನುವಾರ ಸೂಪರ್‌ವೈಸರನ ಸ್ಕ್ರೂಡ್ರೈವರ್ ತೊಲೆಯೊಳಗೆ ಇಳಿಯಲಿಲ್ಲ. ನಾವು ಉಳಿದುಕೊಂಡೆವು.

ಮುಂದಿನ ಶುಕ್ರವಾರ ಬಾಗಿಲು ತೆರೆದರೆ ಮೆಟ್ಟಿಲಿನಾಚೆ ಚಾಪೆಯಗಲದ ಸಿಮೆಂಟ್ ನೆಲ. ನೀರು ಮನೆಯಿಂದಾಚೆಗೆ ಹರಿಯುವಂತೆ ಇವರು ಇಳಿಜಾರು ಕೊಟ್ಟಿದ್ದರು. ಪಕ್ಕದಲ್ಲಿ ನನ್ನ ಬಕೆಟ್, ಹಿಡಿಸೂಡಿ.

"ತೊಳಿ," ಎಂದರು. "ಎಷ್ಟು ಬೇಕಾದ್ರೂ ನೀರು ಹಾಕು. ಪದವೂ ಹೇಳು."