ಮದ್ದಿನ ಶೆಡ್ಡಿನಲ್ಲಿ ಬಳೆ ಸದ್ದು

ದೆವ್ವ, ಶಕುನ, ಸೂಚನೆ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗಿಬಿಡುತ್ತಿದ್ದ ಆಸಾಮಿ ನಾನು. ಹೊಳೆನರಸೀಪುರದ ನಮ್ಮ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೂ ಅಮ್ಮ ‘ಕೃಷ್ಣ ಕೃಷ್ಣ’ ಎನ್ನುತ್ತಾ ನೆಲ ತಟ್ಟುತ್ತಿದ್ದಳು, ನಾನು ಕಿಸಕ್ಕನೆ ನಗುತ್ತಿದ್ದೆ. ಸೈನ್ಯದಿಂದ ಬಂದ ಮೇಲೆ ಸಿಕ್ಕಿದ ಕೆಲಸವೂ ನನ್ನ ಸ್ವಭಾವಕ್ಕೆ ತಕ್ಕದ್ದೇ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿಯಲ್ಲಿ, ಸೈನ್ಯಕ್ಕೆ ಶತ್ರುವಿನ ಕಣ್ಣಿಗೆ ಮರೆಮಾಡಲು ಹೊಗೆ ಕಾರುವ ಡಬ್ಬಿಗಳನ್ನು ಮಾಡಿಕೊಡುವ ಒಂದು ಖಾಸಗಿ ಕಾರ್ಖಾನೆಯಲ್ಲಿ ಭದ್ರತಾ ವಿಭಾಗದ ಮುಖ್ಯಸ್ಥ. ಯಾರು ಏನೇ ಹೇಳಿದರೂ ಮೊದಲು ನಂಬದೆ ಇರುವುದಕ್ಕೇ ನನಗೆ ಸಂಬಳ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ.

ಡಬ್ಬಿಗೆ ಮದ್ದು ತುಂಬುವ ಶೆಡ್ಡಿಗೆ ಒಂದು ಚೂರು ಲೋಹವೂ ಹೋಗಕೂಡದು. ಒಂದು ಕಿಡಿ ಸಾಕು, ಎಲ್ಲ ಮುಗಿಯಿತು. ಗಂಡಸರು ಬೆಲ್ಟು ಬಿಚ್ಚಿಡಬೇಕು, ಹೆಂಗಸರು ಕಾಲುಂಗುರ, ಓಲೆ, ತಾಳಿ ಎಲ್ಲ ತೆಗೆದಿಡಬೇಕು. ಒಡೆದು ಚೂರು ಮದ್ದಿಗೆ ಸೇರೀತೆಂದು ಗಾಜಿನ ಬಳೆಯೂ ನಿಷಿದ್ಧ. ತಾಳಿ ತೆಗೆಯಲು ಮೊದಮೊದಲು ರಂಪವೋ ರಂಪ. ಕೊನೆಗೆ ಹೆಂಗಸರೇ ದಾರಿ ಕಂಡುಕೊಂಡರು. ಗೇಟಿನ ಕೋಣೆಯಲ್ಲಿ ತಾಳಿ ಬಿಚ್ಚಿಟ್ಟು, ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಒಳಗೆ ಹೋಗುವರು. ಆ ಕೋಣೆ ಯಾವಾಗಲೂ ಮದುವೆ ಮನೆಯಂತೆ ಘಮ್ಮೆನ್ನುತ್ತಿತ್ತು.

ಆ ಶೆಡ್ಡಿನಲ್ಲಿ ದಂಡಿಗನಹಳ್ಳಿ ಕಡೆಯ ತಾಯಿ ಮಗಳು ಇಬ್ಬರು ಕೆಲಸಕ್ಕಿದ್ದರು, ಕಾಳಮ್ಮ ಮತ್ತು ಸಾವಿತ್ರಿ. ಸಾವಿತ್ರಿ ಬಸುರಿಯಾದಳು. ಬಳೆ ತೊಡಿಸುವ ಶಾಸ್ತ್ರ ಮುಗಿಸಿಕೊಂಡು ಒಂದು ಬೆಳಿಗ್ಗೆ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ಹಾಕಿಕೊಂಡು ಗೇಟಿಗೆ ಬಂದು ನಿಂತಳು. ತೆಗೆಯಮ್ಮಾ ಎಂದೆ.

“ತಾಳಿ ಬಿಚ್ಚು ಅಂದ್ರಿ, ಬಿಚ್ಚಿದ್ದೀನಿ. ಬಳೆ ಮಾತ್ರ ಕೇಳ್ಬೇಡಿ ಸಾ. ಎರ್ಗೆ ಆಗೋಗಂಟ ಬಿಚ್ಬಾರ್ದು,” ಎಂದು ಅತ್ತೇಬಿಟ್ಟಳು.

ನನಗೆ ರೇಗಿತು. ಆದರೆ ಬಸುರಿ ಹೆಂಗಸನ್ನು ಅಳಿಸಿ ಯಾವ ನರಕಕ್ಕೆ ಹೋಗಲಿ? ಶೆಡ್ಡು ಬೇಡ, ನನ್ನ ಕಚೇರಿಯಲ್ಲೇ ಪಾಸು ಬರೆದುಕೊಡುತ್ತಾ ಕೂತಿರು ಎಂದೆ. ಅಂದಿನಿಂದ ಬೆಳಗಿನಿಂದ ಸಂಜೆಯವರೆಗೆ ನನ್ನ ಮೇಜಿನ ಪಕ್ಕದಲ್ಲಿ ಬಳೆಯ ಗಲಗಲ. ಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಹೆರಿಗೆಗೆಂದು ಅವಳು ರಜೆ ಹಾಕಿ ಹೋದ ಮೇಲೆ ಕಚೇರಿ ಬಿಕೋ ಎನ್ನತೊಡಗಿತು. ನನಗೂ ನನ್ನ ಹೆಂಡತಿಗೂ ಮಕ್ಕಳಿರಲಿಲ್ಲ. ಆ ಹುಡುಗಿಯನ್ನು ನಾನು ಹಚ್ಚಿಕೊಂಡುಬಿಟ್ಟಿದ್ದೆ, ಅಷ್ಟೆ.

ಅದಾಗಿ ಕೆಲವು ದಿನ ಕಳೆದಿರಬೇಕು. ಬೆಳಗಿನ ಟೀ ಮುಗಿಸಿ ಎಂದಿನಂತೆ ಸುತ್ತು ಹೊರಟವನು ಮದ್ದಿನ ಶೆಡ್ಡಿನ ಬಾಗಿಲಿಗೆ ಬಂದೆ. ಒಳಗಿನಿಂದ ಬಳೆ ಸದ್ದು ಕೇಳಿಸಿತು. ಒಂದೆರಡು ಬಳೆಯದಲ್ಲ, ಕೈ ತುಂಬ ಬಳೆ ತೊಟ್ಟವರು ಏನನ್ನೋ ಎತ್ತಿ ಇಡುವಾಗಿನ ಸದ್ದು. ಪಕ್ಕದಲ್ಲೇ ಕೂತು ವಾರಗಟ್ಟಲೆ ಕೇಳಿದ್ದು, ನನಗೆ ತಪ್ಪುವುದುಂಟೆ? ಅಯ್ಯೋ ಈ ಹುಡುಗಿ, ತಾಯಿಯ ಜೊತೆ ನನ್ನ ಕಣ್ಣು ತಪ್ಪಿಸಿ ಒಳಗೆ ನುಗ್ಗಿದ್ದಾಳೆ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಯಂತ್ರ ನಿಲ್ಲಿಸಿ, ಎಲ್ಲರೂ ಹೊರಗೆ ಬನ್ನಿ ಎಂದು ಅಬ್ಬರಿಸಿದೆ. ಶೆಡ್ಡಿನ ಮುಂದೆ ಎತ್ತರಕ್ಕೆ ಹಾಕಿದ ಮಣ್ಣಿನ ದಿಬ್ಬವಿದೆ, ಅದರ ಆಚೆಗೆ ಎಲ್ಲರನ್ನೂ ನಡೆಸಿಕೊಂಡು ಹೋಗಿ ಸಾಲಾಗಿ ನಿಲ್ಲಿಸಿದೆ. ಸಾವಿತ್ರಿ ಇರಲಿಲ್ಲ. ಯಾರ ಕೈಯಲ್ಲೂ ಬಳೆ ಇರಲಿಲ್ಲ. ಸಾವಿತ್ರಿ ಎಲ್ಲಿ, ಒಳಗೆ ಅವಳ ಬಳೆ ಸದ್ದು ಕೇಳಿಸಿತಲ್ಲ ಎಂದೆ.

“ನನ್ ಮಗ್ಳು ಮನೇಲಿ ಮನ್ಗವ್ಳೆ. ಅವಳ್ ಬಳೆ ಇಲ್ಗೆಂಗ್ ಬತ್ತದೆ ಸಾ? ಇವತ್ತಿನ್ ಕೆಲ್ಸ ಎಲ್ಲಾ ಆಳ್ ಮಾಡ್ಬುಟ್ರಲ್ಲ,” ಎಂದು ಕಾಳಮ್ಮ ಎಲ್ಲರ ಮುಂದೆ ನನ್ನನ್ನು ತರಾಟೆಗೆ ತೆಗೆದುಕೊಂಡಳು. ಉಳಿದವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನನಗೂ ನಾಚಿಕೆಯಾಗಿ, ಸರಿ ಒಳಗೆ ಹೋಗಿ ಎನ್ನಲು ಬಾಯಿ ತೆರೆದಿದ್ದೆ.

ಆಗಲೇ ಶೆಡ್ಡು ಹೊತ್ತಿಕೊಂಡಿತು. ಭುಗ್ಗೆಂದು ಒಂದು ಸದ್ದು, ಚಾವಣಿಯ ಶೀಟುಗಳು ಮೇಲಕ್ಕೆ ಹಾರಿದವು. ದಿಬ್ಬದ ಈಚೆಗೆ ಬಿಸಿಗಾಳಿ ಬಡಿಯಿತೇ ಹೊರತು ಯಾರಿಗೂ ಒಂದು ಗೀರೂ ಆಗಲಿಲ್ಲ. ನಗುತ್ತಿದ್ದ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ನಾನು ತಲೆಗಳನ್ನು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.

ಬೆಂಕಿ ಆರಿಸುತ್ತಿರುವಾಗಲೇ ಗೇಟಿಗೆ ಫೋನು ಬಂತು. ಬೆಳಿಗ್ಗೆ ಕಾಳಮ್ಮ ಕೆಲಸಕ್ಕೆ ಹೊರಟ ಮೇಲೆ ಸಾವಿತ್ರಿಗೆ ದಿನ ತುಂಬುವ ಮೊದಲೇ ನೋವು ಬಂದಿದೆ, ನೆರೆಯವರು ಚನ್ನರಾಯಪಟ್ಟಣದ ಆಸ್ಪತ್ರೆಗೆ ಸೇರಿಸಿದ್ದಾರೆ. ಕಾಳಮ್ಮನನ್ನು ಜೀಪಿನಲ್ಲಿ ಕೂರಿಸಿಕೊಂಡು ನಾನೇ ಹೋದೆ. ನಾವು ತಲುಪುವಷ್ಟರಲ್ಲಿ ಹೆಣ್ಣು ಮಗು ಹುಟ್ಟಿತ್ತು. ಕಾಳಮ್ಮ ಮೊಮ್ಮಗಳನ್ನು ಎದೆಗೊತ್ತಿಕೊಂಡಳು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟಳು. ಅಷ್ಟು ಎಳೆಯ ಮಗುವನ್ನು ನಾನು ಎತ್ತಿಕೊಂಡಿದ್ದು ಅದೇ ಮೊದಲು.

ತಡೆಯಲಾರದೆ ಸಾವಿತ್ರಿಯನ್ನು ಕೇಳಿದೆ. ನೋವಿನಲ್ಲಿ ಏನು ನೆನೆಸಿಕೊಂಡೆ ತಾಯಿ, ಕೈಯಲ್ಲಿ ಬಳೆ ಇದ್ದವೇ ಎಂದು.

“ಇನ್ನೇನ್ ನೆನೀಲಿ ಸಾ? ಅವ್ವಾ ಬಾ, ಅವ್ವಾ ಬಾ ಅಂತ ಕೂಗ್ತಿದ್ದೆ. ಬಳೆ ಎಲ್ಲೈತೆ? ನರ್ಸಮ್ಮ ಬತ್ತಿದ್ದಂಗೇ ಎಲ್ಲಾ ಬಿಚ್ಚಿಸ್ಬುಟ್ರು.”

ಕಿವಿ ಪರೀಕ್ಷೆ ಮಾಡಿಸಿಕೊಂಡೆ, ಸರಿಯಾಗಿದೆ ಎಂದರು. ಯಂತ್ರದ ಸದ್ದೇ ಹಾಗೆ ಕೇಳಿಸಿರಬೇಕೆಂದು ಬೇರೊಂದು ಶೆಡ್ಡಿನ ಬಾಗಿಲಲ್ಲಿ ದಿನಗಟ್ಟಲೆ ಕಿವಿಗೊಟ್ಟು ನಿಂತೆ. ಅದು ಗರಗರ ಎಂದಿತು, ಅಷ್ಟೆ. ಹೋಗಲಿ, ಮಗಳು ಕೂಗಿದ್ದು ಅವ್ವನನ್ನು. ಅವ್ವ ಶೆಡ್ಡಿನ ಒಳಗೇ ಇದ್ದಳು. ಅವಳಿಗೆ ಕೇಳಿಸದ್ದು ಬಾಗಿಲಲ್ಲಿ ನಿಂತ ನನಗೇಕೆ ಕೇಳಿಸಬೇಕು? ಒಮ್ಮೆ ಕಾಳಮ್ಮನನ್ನೇ ಇದನ್ನು ಕೇಳಿದೆ. ಅರಿಶಿನದ ದಾರಕ್ಕೆ ಗಂಟು ಹಾಕುತ್ತಿದ್ದವಳು ತಲೆ ಎತ್ತದೆ ಹೇಳಿದಳು:

“ನಂಗ್ ಕೇಳಿದ್ರೆ ನಾನೊಬ್ಳೇ ಓಡ್ಬತ್ತಿದ್ದೆ ಸಾ. ನಿಮ್ಗ್ ಕೇಳುಸ್ತು, ಎಲ್ರುನೂವೇ ಈಚಿಗ್ ಕರ್ಕಂಬಂದ್ರಿ.”

ಅವಳಿಗೆ ಅಷ್ಟು ಸಾಕಾಗಿತ್ತು. ನನಗೆ ಇವತ್ತಿಗೂ ಗೊತ್ತಾಗಿಲ್ಲ.