ಮೂರು ದಿನದ ಊಟ

ಸಾವಾದ ಮನೆಗೆ ಮೂರು ದಿನ ಊಟ ಕಳಿಸುವುದು ಆ ಊರಿನ ಪ್ರೆಸ್ಬಿಟೇರಿಯನ್ ಕ್ರೈಸ್ತ ಸಭೆಯ ಪದ್ಧತಿ. ಯಾವ ಹೊತ್ತಿಗೆ ಯಾರು ಬೇಯಿಸಬೇಕೆಂದು ಮನೆಮನೆಗೆ ಹೋಗಿ ಹೇಳಿ ಬರುತ್ತಿದ್ದವಳು ದರ್ಜಿಯಕ್ಕ. ಇಪ್ಪತ್ತೆರಡು ವರ್ಷ, ಸಾವಾದಾಗಲೆಲ್ಲ ಹೊಲಿಗೆ ಬಿಟ್ಟೆದ್ದು ತಿರುಗಿದಳು. ಯಾರೂ ಒಪ್ಪದ ಹೊತ್ತಿನ ಅಡುಗೆಯನ್ನು ತಾನೇ ಮಾಡಿದಳು. ಸಭೆಯ ವರದಿಯಲ್ಲಿ ಮಾತ್ರ ಅದು ಸಭೆ ನಡೆಸುವ ಹಿರಿಯರ ಸೇವೆಯೆಂದು ಅಚ್ಚಾಗುತ್ತಿತ್ತು.

ಅವಳ ಗಂಡ ತೀರಿಕೊಂಡಾಗ ಮಣ್ಣಿಗೆ ಇಡೀ ಸಭೆ ಬಂತು. ಊಟ ಬರಲಿಲ್ಲ. ಹೇಳುವವರಿಲ್ಲದೆ, ಇನ್ನೊಬ್ಬರು ಕಳಿಸಿರುತ್ತಾರೆಂದು ಎಲ್ಲರೂ ಅಂದುಕೊಂಡರು. ಅವಳು ಮಗಳೊಂದಿಗೆ ಬಾಗಿಲ ಕಡೆಗೇ ಕಿವಿಯಿಟ್ಟು ಕೂತಿದ್ದಳು.

ಎರಡನೆಯ ಸಂಜೆ ಸಭೆಯ ಹಿರಿಯರೊಬ್ಬರು ಹೆಂಡತಿಯೊಡನೆ ಪ್ರಾರ್ಥನೆಗೆ ಬಂದರು, ಬರಿಗೈಯಲ್ಲಿ.

"ಊಟ ಆಯ್ತೇನಮ್ಮ?"

"ಯಾರೂ ಕಳಿಸಿಲ್ಲ ಅಣ್ಣ."

"ಅಯ್ಯೋ, ನೀನು ಯಾರಿಗೂ ಹೇಳಲಿಲ್ವಾ?" ಹಿರಿಯರು ನಿಜಕ್ಕೂ ಬೆರಗಾದರು.

"ಸುಮ್ನಿರ್ರೀ! ಸತ್ತಿರೋದು ಅವಳ ಗಂಡ. ಮನೆಮನೆಗೆ ಹೋಗಿ ಅನ್ನ ಕಳಿಸಿ ಅಂತ ಅವಳೇ ಕೇಳ್ಬೇಕಿತ್ತಾ?" ಎಂದು ಹೆಂಡತಿ ಗದರಿ, ನಾಚಿಕೆಯಿಂದ ಅಡುಗೆಮನೆಗೆ ನಡೆದಳು. "ನಾನು ಬೇಯಿಸ್ತೀನಿ, ಅಕ್ಕಿ ಎಲ್ಲಿದೆ?"

ಅವಳಿಗೆ ಡಬ್ಬಿಗಳು ಸಿಗಲಿಲ್ಲ. ದರ್ಜಿಯಕ್ಕ ಗೋಡೆ ಹಿಡಿದು ಎದ್ದಳು. ಬಂದವರಿಬ್ಬರಿಗೂ ಸೇರಿಸಿ ಅಕ್ಕಿ ಅಳೆದು, ತಾನೇ ಒಲೆ ಹಚ್ಚಿದಳು.